ಒಂದೇ ವರ್ಷದ ಅಕ್ಷರ, ಮೂರು ಮುದ್ರೆ: ಬೇಟ್‌ಮನ್ ಮನೆತನದ ಬೆಳ್ಳಿ ಚಮಚಗಳು

1760ರಲ್ಲಿ ಲಂಡನ್ನಿನಲ್ಲಿ ಜಾನ್ ಬೇಟ್‌ಮನ್ ಎಂಬ ಕುಶಲಕರ್ಮಿ ಕ್ಷಯರೋಗದಿಂದ ತೀರಿಕೊಂಡ. ಚಿನ್ನದ ಸರ ಮಾಡುವುದು ಅವನ ಕಸುಬು. ತನ್ನ ಹತಾರಗಳನ್ನೆಲ್ಲ ಹೆಂಡತಿ ಹೆಸ್ಟರ್‌ಗೆ ಬಿಟ್ಟುಹೋದ. ಆಕೆಗೆ ಆಗ ಐವತ್ತು ದಾಟಿತ್ತು. ಓದು ಬರಹ ಬರುತ್ತಿರಲಿಲ್ಲ ಎನ್ನುತ್ತಾರೆ. ಮರುವರ್ಷ, 1761ರ ಏಪ್ರಿಲ್ 16ರಂದು, ಆಕೆ ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಹೋಗಿ, ಬೆಳ್ಳಿ ಸಾಮಾನಿನ ಮೇಲೆ ಒತ್ತುವ ತನ್ನದೇ ಮುದ್ರೆಯನ್ನು ನೋಂದಾಯಿಸಿದಳು. ಕೂಡಕ್ಷರದಲ್ಲಿ ಬರೆದ ಎಚ್‌ಬಿ ಎಂಬ ಎರಡು ಅಕ್ಷರ, ಅಷ್ಟೇ.

ಹಳೆಯ ಇಂಗ್ಲಿಷ್ ಬೆಳ್ಳಿ ಚಮಚ ಕೂಡಿಸುವವರಲ್ಲಿ ಈ ಎರಡು ಅಕ್ಷರ ಗೊತ್ತಿಲ್ಲದವರು ಸಿಗುವುದು ಕಷ್ಟ. ಹೊಸಬರು ಮೊದಲು ಹುಡುಕುವುದೂ ಇದನ್ನೇ. ಅದೇ ಕಾಲದ, ಅದೇ ತೂಕದ, ಅದೇ ಮಾದರಿಯ ಬೇರೆ ಚಮಚಕ್ಕಿಂತ ಎಚ್‌ಬಿ ಚಮಚಕ್ಕೆ ಜಾಸ್ತಿ ಬೆಲೆ ಕೇಳುತ್ತಾರೆ. ಇಪ್ಪತ್ತನೇ ಶತಮಾನದಲ್ಲಿ ಸಂಗ್ರಹಕಾರರು, ಅದರಲ್ಲೂ ಅಮೆರಿಕದವರು, ಈಕೆಯ ಹೆಸರಿಗೆ ಮನಸೋತ ಮೇಲೆ ಈ ಬೆಲೆ ಏರಿತು. ಆ ಹೆಚ್ಚಿನ ಬೆಲೆಗೆ ನಮ್ಮ ಕೈಗೆ ನಿಜವಾಗಿ ಏನು ಸಿಗುತ್ತದೆ? ಅದನ್ನು ನೋಡೋಣ ಅಂತಲೇ ಈ ಒಂದು ಮನೆತನದ ಪ್ರಕರಣವನ್ನು ಎತ್ತಿಕೊಂಡಿದ್ದೇನೆ. ಮೂವತ್ತು ವರ್ಷ, ಒಂದು ಕಾರ್ಖಾನೆ, ಸಾಮಾನ್ಯ ಊಟದ ಚಮಚ. ಇಷ್ಟರಲ್ಲೇ ಚಮಚ ಸಂಗ್ರಹದ ಬಹುತೇಕ ಪಾಠಗಳು ಬಂದುಬಿಡುತ್ತವೆ.

ಬೇರೆಯವರ ಹೆಸರಿನಲ್ಲಿ ಹದಿಮೂರು ವರ್ಷ

ಮುದ್ರೆ ನೋಂದಾಯಿಸಿದ್ದು 1761ರಲ್ಲಿ. ಆದರೆ ಎಚ್‌ಬಿ ಮುದ್ರೆಯ ಸಾಮಾನು ಹೇರಳವಾಗಿ ಕಾಣುವುದು 1774ರ ಹೊತ್ತಿನಿಂದ ಈಚೆಗೆ. ನಡುವಿನ ವರ್ಷಗಳ ಸಾಮಾನು ಬಹಳ ಅಪರೂಪ. ಹಾಗಂತ ಕಾರ್ಖಾನೆ ಮುಚ್ಚಿರಲಿಲ್ಲ. ಆ ಕಾಲದಲ್ಲಿ ಲಂಡನ್ನಿನಲ್ಲಿ ಚಮಚ ಮಾಡುವುದೇ ಒಂದು ಪ್ರತ್ಯೇಕ ಕಸುಬು. ದೊಡ್ಡ ಅಂಗಡಿಯವರು ಚಮಚಗಳನ್ನು ತಾವೇ ಬಡಿಯುತ್ತಿರಲಿಲ್ಲ, ಇಂಥ ಮನೆಗಳಿಂದ ಮಾಡಿಸಿಕೊಳ್ಳುತ್ತಿದ್ದರು. ತಂದ ಮೇಲೆ ತಮ್ಮ ಮುದ್ರೆ ಒತ್ತುತ್ತಿದ್ದರು. ಕೆಲವೊಮ್ಮೆ ಮಾಡಿದವರ ಮುದ್ರೆಯ ಮೇಲೇ ಒತ್ತಿಬಿಡುತ್ತಿದ್ದರು. ಹೆಸ್ಟರ್ ಮನೆಯ ಮೊದಲ ವರ್ಷಗಳ ಕೆಲಸ ಬಹುಪಾಲು ಹೀಗೆಯೇ ಬೇರೆಯವರ ಹೆಸರಿನಲ್ಲಿ ಹೊರಗೆ ಹೋಯಿತು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ಗಂಡ ಸತ್ತ ಮೇಲೆ ಮನೆ ನಿಲ್ಲಿಸಿದ ಚಮಚಗಳು, ಮಕ್ಕಳಿಗೆ ಅನ್ನ ಹಾಕಿದ ಚಮಚಗಳು, ಕೈ ಪಳಗಿಸಿದ ಚಮಚಗಳು ಆ ವರ್ಷಗಳವು. ಅವುಗಳ ಮೇಲೆ ಆಕೆಯ ಹೆಸರಿಲ್ಲ. ಇವತ್ತು ಯಾರೋ ಒಬ್ಬರ ಪೆಟ್ಟಿಗೆಯಲ್ಲಿ, ಇನ್ನೊಬ್ಬ ಬೆಳ್ಳಿ ಕೆಲಸಗಾರನ ಮುದ್ರೆ ಹೊತ್ತು, ಕಡಿಮೆ ಬೆಲೆಗೆ ಮಾರಾಟವಾಗುತ್ತಿರಬಹುದು. 1760ರ ದಶಕದ ಚಮಚ ಕೈಗೆ ಬಂದರೆ ಮುದ್ರೆಯನ್ನು ಹತ್ತು ಪಟ್ಟಿನ ಲೆನ್ಸ್‌ನಲ್ಲಿ ನಿಧಾನವಾಗಿ ನೋಡಿ. ಮೇಲಿನ ಮುದ್ರೆಯ ಅಂಚಿನಾಚೆ ಇನ್ನೊಂದು ಅಕ್ಷರದ ಬಾಲ ಇಣುಕುತ್ತಿದೆಯೇ ಅಂತ. ಅಂಥ ಒಂದು ಸಿಕ್ಕರೆ ಅದು ಅಚ್ಚುಕಟ್ಟಾದ ಎಚ್‌ಬಿ ಚಮಚಕ್ಕಿಂತ ಹೆಚ್ಚು ಮಾತಾಡುತ್ತದೆ.

ಹಾಗಾದರೆ 1774ರ ನಂತರದ ಎಚ್‌ಬಿ ಚಮಚವನ್ನು ಹೆಸ್ಟರ್ ತನ್ನ ಕೈಯಾರೆ ಬಡಿದಳು ಅನ್ನಬಹುದಾ? ಅನ್ನಲಾಗದು. ಇಂಗ್ಲೆಂಡಿನ ಕಾನೂನಿನಲ್ಲಿ ಈ ಮುದ್ರೆಯ ಅರ್ಥವೇ ಬೇರೆ. ಬೆಳ್ಳಿಯ ಶುದ್ಧತೆಗೆ ಯಾರು ಹೊಣೆ ಅನ್ನುವುದನ್ನು ಅದು ಹೇಳುತ್ತದೆ. ಸುತ್ತಿಗೆ ಹಿಡಿದವರು ಯಾರು ಅಂತ ಹೇಳುವುದಿಲ್ಲ. ಮನೆಯಲ್ಲಿ ಮಗ ಪೀಟರ್ ಇದ್ದ, ಮಗ ಜೊನಾಥನ್ ಇದ್ದ, ಕೂಲಿ ಕೆಲಸಗಾರರಿದ್ದರು, ಕಲಿಯಲು ಬಂದ ಹುಡುಗರಿದ್ದರು. ಹೆಸ್ಟರ್ ಈ ಎಲ್ಲವನ್ನೂ ನಡೆಸುವ ಯಜಮಾನಿ. ಹೀಗೆ ಹೇಳಿದರೆ ಆಕೆ ಚಿಕ್ಕವಳಾದಳು ಅಂತ ಕೆಲವರಿಗೆ ಬೇಸರ. ನನಗೆ ಹಾಗನ್ನಿಸುವುದಿಲ್ಲ. ಬೇರೆಯವರಿಗೆ ಮಾಡಿಕೊಡುವ ಒಂದು ಸಣ್ಣ ಮನೆಯನ್ನು, ಬನ್‌ಹಿಲ್ ರೋ 107ನೇ ನಂಬರಿನ ವಿಳಾಸವೇ ಒಂದು ಗುರುತಾಗುವ ಮಟ್ಟಕ್ಕೆ ಬೆಳೆಸಿದವಳು ಆಕೆ. ಲಂಡನ್ನಿನಲ್ಲಿ ಮುದ್ರೆ ಇದ್ದ ಹೆಂಗಸು ಆಕೆಯೊಬ್ಬಳೇ ಅಲ್ಲ. ಲೂಯಿಸಾ ಕೋರ್ಟೋಲ್ಡ್ ಇದ್ದಳು, ಎಲಿಜಾ ಗಾಡ್‌ಫ್ರೀ ಇದ್ದಳು, ಮುಂದಿನ ಶತಮಾನದಲ್ಲಿ ಚಮಚಗಳಿಗೇ ಹೆಸರಾದ ಮೇರಿ ಚಾನರ್ ಬಂದಳು. ಇವರಲ್ಲಿ ಬಹಳ ಮಂದಿ ಗಂಡನ ಕಸುಬನ್ನು ಕೈಬಿಡದೆ ಮುಂದುವರಿಸಿದ ವಿಧವೆಯರು.

ಚಮಚವನ್ನು ಓದುವುದು

ಈಗ ಒಂದು ಊಟದ ಚಮಚವನ್ನೇ ಕೈಗೆತ್ತಿಕೊಳ್ಳೋಣ. ಉದ್ದ ಸುಮಾರು 21 ಸೆಂಟಿಮೀಟರ್, ತೂಕ 60 ಗ್ರಾಂ ಆಸುಪಾಸು. ಅಂದರೆ ಬೆಳ್ಳಿ ತೂಗುವ ಟ್ರಾಯ್ ಔನ್ಸ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ಎರಡು ಔನ್ಸ್. ಬೆಳ್ಳಿ ಸಾವಿರಕ್ಕೆ 925 ಪಾಲು ಶುದ್ಧ, ಉಳಿದದ್ದು ಹೆಚ್ಚಾಗಿ ತಾಮ್ರ.

ಮೊದಲು ಹಿಡಿಯ ತುದಿ ನೋಡಬೇಕು. ತುದಿ ಮೇಲಕ್ಕೆ ಬಾಗಿದ್ದು, ಮುಂಭಾಗದ ನಡುವೆ ಸಣ್ಣ ಏಣು ಇದ್ದರೆ ಅದು ಹ್ಯಾನೋವೇರಿಯನ್ ಮಾದರಿ. ಕೆಳಕ್ಕೆ ಬಾಗಿದ್ದರೆ ಓಲ್ಡ್ ಇಂಗ್ಲಿಷ್ ಮಾದರಿ. ಹೆಸರು ಓಲ್ಡ್ ಅಂತಿದ್ದರೂ ಇವೆರಡರಲ್ಲಿ ಇದೇ ಹೊಸದು, 1760ರ ಸುಮಾರಿಗೆ ಬಳಕೆಗೆ ಬಂತು. ಇದರ ಹಿಂದೆ ಮೇಜಿನ ಒಂದು ಪದ್ಧತಿ ಇದೆ. ಮೊದಲು ಚಮಚವನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರು. ಹಾಗಾಗಿ ಮನೆತನದ ಲಾಂಛನವನ್ನೋ ಹೆಸರಿನ ಅಕ್ಷರವನ್ನೋ ಹಿಂಭಾಗದಲ್ಲಿ ಕೆತ್ತಿಸುತ್ತಿದ್ದರು. ಆಮೇಲೆ ಅಂಗಾತ ಇಡುವ ರೂಢಿ ಬಂತು, ಕೆತ್ತನೆಯೂ ಮುಂಭಾಗಕ್ಕೆ ಬಂತು. ಹೆಸ್ಟರ್ ಕೆಲಸ ಶುರುಮಾಡಿದ್ದು ಸರಿಯಾಗಿ ಈ ಬದಲಾವಣೆಯ ಹೊತ್ತಿನಲ್ಲಿ. ಆದ್ದರಿಂದ ಕೆತ್ತನೆ ಯಾವ ಕಡೆ ಇದೆ, ಅದು ಆ ಮಾದರಿಗೆ ಹೊಂದುತ್ತದೆಯೇ ಎಂದು ನೋಡುವುದು ಬರೀ ಚಂದಕ್ಕಲ್ಲ. ಓಲ್ಡ್ ಇಂಗ್ಲಿಷ್ ಚಮಚದ ಮುಂಭಾಗ ಖಾಲಿ ಇದ್ದರೆ ಬೆರಳಿನಿಂದ ಸವರಿ ನೋಡಿ. ಹಿಡಿಯ ತುದಿ ಅಲ್ಲಿ ಮಾತ್ರ ತೆಳ್ಳಗಾಗಿದ್ದರೆ, ಹಳೆಯ ಒಡೆಯರ ಅಕ್ಷರವನ್ನು ಯಾರೋ ಉಜ್ಜಿ ತೆಗೆದಿದ್ದಾರೆ. ನನಗೆ ಅಂಥ ಚಮಚ ಕಂಡರೆ ಹೊಟ್ಟೆ ಉರಿಯುತ್ತದೆ. ಇನ್ನೂರು ವರ್ಷ ಹಿಂದಿನ ಒಂದು ಮನೆಯ ಗುರುತನ್ನು, ಮಾರಾಟ ಸಲೀಸಾಗಲಿ ಅಂತ ಅಳಿಸಿಬಿಡುವುದು ಎಂಥ ಕೆಲಸ.

ಆಮೇಲೆ ಮುದ್ರೆಗಳ ಜಾಗ. 1780ರ ಆಸುಪಾಸಿನವರೆಗೆ ಮುದ್ರೆಗಳನ್ನು ಹಿಡಿಯ ಕೆಳಭಾಗದಲ್ಲಿ, ಬಟ್ಟಲಿಗೆ ಹತ್ತಿರ ಒತ್ತುತ್ತಿದ್ದರು. ಅಲ್ಲಿ ಹಿಡಿ ಕಿರಿದು. ಚಮಚ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಹೋಗುವಾಗ ಪೂರ್ತಿ ಮುಗಿದಿರುತ್ತಿರಲಿಲ್ಲ. ಅಲ್ಲಿ ಸ್ವಲ್ಪ ಬೆಳ್ಳಿ ಕೆರೆದು ಪರೀಕ್ಷೆ ಮಾಡಿ, ಸರಿಯಿದ್ದರೆ ಮುದ್ರೆ ಒತ್ತಿ ಕಳಿಸುತ್ತಿದ್ದರು. ವಾಪಸು ಬಂದ ಮೇಲೆ ಕಾರ್ಖಾನೆಯಲ್ಲಿ ಹಿಡಿಯನ್ನು ಮತ್ತೆ ಬಡಿದು ನೇರ ಮಾಡುತ್ತಿದ್ದರು. ಆಗ ಮುದ್ರೆಗಳು ಪಕ್ಕದಿಂದ ಹಿಸುಕಿದಂತೆ ಆಗುತ್ತಿದ್ದವು. ಆ ಕಾಲದ ಚಮಚದಲ್ಲಿ ಮುದ್ರೆ ಸೊಟ್ಟಗಿದ್ದರೆ ಗಾಬರಿ ಬೇಡ, ಅದೇ ಸಹಜ. ನಂತರ ಮುದ್ರೆಗಳು ಹಿಡಿಯ ಅಗಲವಾದ ಮೇಲ್ಭಾಗಕ್ಕೆ ಹೋದವು, ಸ್ಪಷ್ಟವೂ ಆದವು. ಹೆಸ್ಟರ್ ಮನೆಯ ಚಮಚಗಳಲ್ಲಿ ಎರಡೂ ಬಗೆ ಸಿಗುತ್ತವೆ.

ಮುದ್ರೆಗಳಲ್ಲಿ ನಡೆಯುವ ಸಿಂಹ ಬೆಳ್ಳಿಯ ಶುದ್ಧತೆಗೆ. ಕಿರೀಟ ತೊಟ್ಟ ಚಿರತೆಯ ತಲೆ ಲಂಡನ್ನಿಗೆ. ಒಂದು ಅಕ್ಷರ ವರ್ಷಕ್ಕೆ. ಈ ವರ್ಷದ ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ಮೇ 29ಕ್ಕೆ. ಅದು ಎರಡನೇ ಚಾರ್ಲ್ಸ್ ದೊರೆ ಹುಟ್ಟಿದ ದಿನ. ಇಪ್ಪತ್ತು ಅಕ್ಷರಗಳ ಒಂದೊಂದು ಸುತ್ತು. ಜೆ ಅಕ್ಷರ ಬಿಟ್ಟು ಎಯಿಂದ ಯುವರೆಗೆ. 1776ರಲ್ಲಿ ಸಣ್ಣ ಎ ಇಂದ ಹೊಸ ಸುತ್ತು ಶುರುವಾಯಿತು. ಟೀ ಚಮಚಗಳ ವಿಷಯದಲ್ಲಿ ಮಾತ್ರ ಇಷ್ಟೆಲ್ಲ ನಿರೀಕ್ಷಿಸಬೇಡಿ. ಆ ಕಾಲದ ಸಣ್ಣ ಚಮಚಗಳಲ್ಲಿ ಎಷ್ಟೋ ಸಲ ಸಿಂಹ ಮತ್ತು ಮಾಡಿದವರ ಮುದ್ರೆ ಎರಡೇ ಇರುತ್ತವೆ. ವರ್ಷ ಗೊತ್ತಾಗುವುದಿಲ್ಲ.

1784ರ ಡಿಸೆಂಬರ್ 1ರಿಂದ ಇನ್ನೊಂದು ಮುದ್ರೆ ಸೇರಿಕೊಂಡಿತು. ಬೆಳ್ಳಿಯ ಮೇಲೆ ಔನ್ಸ್‌ಗೆ 6 ಪೆನ್ಸ್ ತೆರಿಗೆ ಬಂತು. ಎರಡು ಔನ್ಸಿನ ಚಮಚಕ್ಕೆ 12 ಪೆನ್ಸ್, ಅಂದರೆ ಒಂದು ಶಿಲಿಂಗ್ ಆಯಿತು. ತೆರಿಗೆ ಕಟ್ಟಿದ ಗುರುತಿಗೆ ದೊರೆಯ ತಲೆ. ಮೊದಲು ಈ ತಲೆಯನ್ನು ಒಳಕ್ಕೆ ಕೊರೆದಂತೆ, ಎಡಕ್ಕೆ ಮುಖ ಮಾಡಿಸಿ ಒತ್ತಿದರು. 1786ರಿಂದ ಉಬ್ಬಿದ ತಲೆ, ಬಲಕ್ಕೆ ಮುಖ. ಆದ್ದರಿಂದ 1784ರ ಐ ಅಕ್ಷರವಿರುವ ಎಚ್‌ಬಿ ಚಮಚದಲ್ಲಿ ದೊರೆಯ ತಲೆ ಇಲ್ಲದಿದ್ದರೆ ಅದು ದೋಷವಲ್ಲ. ಮೇ ಕೊನೆಗೂ ಡಿಸೆಂಬರಿಗೂ ನಡುವೆ ಹಾಲ್‌ಗೆ ಹೋಗಿ ಬಂದ ಚಮಚ ಅದು. ಆದರೆ ಅದೇ ಐ ಅಕ್ಷರದ ಪಕ್ಕ ಉಬ್ಬಿದ ತಲೆ ಇದ್ದರೆ ಎಚ್ಚರವಾಗಬೇಕು.

ಕೈಯಲ್ಲಿ ಹಿಡಿದಾಗ

ಬಟ್ಟಲಿನ ತುದಿ ನೋಡಿ. ಬಲಗೈಯವರು ತಟ್ಟೆ ಕೆರೆದು ಕೆರೆದು ತುದಿಯ ಎಡಬದಿ ಹೆಚ್ಚು ಸವೆದಿರುತ್ತದೆ. ಸ್ವಲ್ಪ ಸವೆತ ಒಳ್ಳೆಯದು, ಅದು ಚಮಚ ಬದುಕಿದ ಗುರುತು. ಇನ್ನೂರ ಮೂವತ್ತು ವರ್ಷದ ಚಮಚದ ತುದಿ ಗುಂಡಗೆ, ಎರಡು ಕಡೆ ಒಂದೇ ಸಮ, ಆದರೆ ಬಟ್ಟಲು ಮಾತ್ರ ಹಿಡಿಗೆ ಹೋಲಿಸಿದರೆ ಗಿಡ್ಡ ಅನ್ನಿಸಿದರೆ ಯಾರೋ ಅರದಿಂದ ತಿದ್ದಿದ್ದಾರೆ.

ಬೇಟ್‌ಮನ್ ಮನೆಯವರಿಗೆ ಅಂಚಿನ ಕೆಲಸದ ಮೇಲೆ ಪ್ರೀತಿ. ಅಂಚಿಗೆ ಸಣ್ಣ ಮಣಿಗಳ ಸಾಲು, ಗರಿಯಂಥ ಓರೆ ಗೀರುಗಳು, ಬೆಳಕಿಗೆ ಮಿರುಗುವ ಚೂಪು ಕೆತ್ತನೆ. ಈ ಚೂಪು ಕೆತ್ತನೆಯಲ್ಲಿ ಉಳಿಯ ಒಂದು ಬದಿಯನ್ನು ನಯಗೊಳಿಸಿ, ಬೆಳ್ಳಿಯನ್ನು ಓರೆಯಾಗಿ ಸೀಳಿ ತೆಗೆಯುತ್ತಾರೆ. ಸೀಳಿದ ಮುಖವೇ ಕನ್ನಡಿಯಾಗುತ್ತದೆ. ತಲೆಮಾರುಗಟ್ಟಲೆ ಪಾಲಿಶ್ ಮಾಡಿದರೆ ಮೊದಲು ಹೋಗುವುದು ಇದೇ. ಕೆತ್ತನೆ ಇನ್ನೂ ಚೂಪಾಗಿದ್ದು, ಬೆರಳ ತುದಿಗೆ ತಾಕುವಂತಿದ್ದರೆ ಆ ಚಮಚ ಅದೃಷ್ಟದ್ದು. ಎರಡು ಎಚ್‌ಬಿ ಚಮಚಗಳಿದ್ದು ಒಂದರಲ್ಲಿ ಮುದ್ರೆ ಸ್ಪಷ್ಟ, ಕೆತ್ತನೆ ಮಾಸಿದೆ, ಇನ್ನೊಂದರಲ್ಲಿ ಮುದ್ರೆ ಸ್ವಲ್ಪ ಮಾಸಿದೆ, ಕೆತ್ತನೆ ಜೀವಂತ ಅಂತಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಮಾರುಕಟ್ಟೆ ಮೊದಲನೆಯದಕ್ಕೆ ಹೆಚ್ಚು ಕೊಡುತ್ತದೆ. ಕೊಡಲಿ ಬಿಡಿ.

ಬಟ್ಟಲಿನ ತುಂಬ ಹಣ್ಣು ಎಲೆಗಳ ಉಬ್ಬು ಚಿತ್ತಾರ, ಒಳಗೆ ಚಿನ್ನದ ಲೇಪ ಇರುವ ಎಚ್‌ಬಿ ಚಮಚಗಳೂ ಬರುತ್ತವೆ. ಇವನ್ನು ಬೆರಿ ಚಮಚ ಅಂತ ಮಾರುತ್ತಾರೆ. ಚಮಚ ಹೆಸ್ಟರ್ ಕಾಲದ್ದೇ ಇರಬಹುದು, ಆದರೆ ಚಿತ್ತಾರ ಬಹುಮಟ್ಟಿಗೆ ವಿಕ್ಟೋರಿಯಾ ರಾಣಿಯ ಕಾಲದ್ದು. ಹಳೆಯ ಸಾದಾ ಚಮಚ ಯಾರಿಗೂ ಬೇಡವಾದಾಗ ಅದಕ್ಕೆ ಹೊಸ ವೇಷ ಹಾಕಿದರು. ನಮ್ಮಲ್ಲಿ ಅಜ್ಜಿಯ ಬೆಳ್ಳಿ ಲೋಟವನ್ನು ಅಂಗಡಿಗೆ ಕೊಟ್ಟು, ತೂಕಕ್ಕೆ ತೂಕ ಕಳೆದು, ಹೊಸ ಮಾದರಿಯದು ತರುವುದಿಲ್ಲವೇ, ಅದೇ ಆಸೆ. ಲೋಟ ಕರಗಿಯೇ ಹೋಗುತ್ತದೆ, ಇಲ್ಲಿ ಚಮಚವಾದರೂ ಉಳಿಯಿತು. ಊಟಕ್ಕೆ ಬಳಸಲು ಬೇಕಾದರೆ ತೆಗೆದುಕೊಳ್ಳಿ, ಹೆಸ್ಟರ್ ಮನೆಯ ಕೈಚಳಕ ನೋಡಲು ಬೇಡ.

ಖೋಟಾ ಸಾಮಾನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಸಲಿ ಚಮಚದಿಂದ ಅಚ್ಚು ತೆಗೆದು, ಬೆಳ್ಳಿ ಎರಕ ಹೊಯ್ದರೆ ಮುದ್ರೆಗಳೂ ಜೊತೆಗೇ ಬಂದುಬಿಡುತ್ತವೆ. ಆರು ಚಮಚಗಳ ಸೆಟ್‌ನಲ್ಲಿ ಆರಕ್ಕೂ ಮುದ್ರೆಗಳು ಒಂದೇ ಜಾಗದಲ್ಲಿವೆ, ಆದ್ದರಿಂದ ಎರಕ ಅಂತ ಕೆಲವರು ತಕ್ಷಣ ಹೇಳಿಬಿಡುತ್ತಾರೆ. ಅಷ್ಟು ಸುಲಭವಲ್ಲ. ಮುದ್ರೆಗಳು ಮೇಲ್ಭಾಗಕ್ಕೆ ಹೋದ ಕಾಲದಿಂದ ಸಿಂಹ, ಚಿರತೆ, ಅಕ್ಷರಗಳನ್ನು ಒಟ್ಟಿಗೆ ಸಾಲಾಗಿ ಒತ್ತುವುದು ಬಂತು. ಹಾಗಾಗಿ ಅವು ಒಂದೇ ಸಾಲಿನಲ್ಲಿರುವುದು ಸಹಜ. ನೋಡಬೇಕಾದದ್ದು ಎಚ್‌ಬಿಯನ್ನು. ಅದನ್ನು ಕಾರ್ಖಾನೆಯಲ್ಲಿ ಬೇರೆಯಾಗಿ, ಕೈಯಿಂದ ಒಂದೊಂದೇ ಒತ್ತುತ್ತಿದ್ದರು. ಉಳಿದ ಮುದ್ರೆಗಳಿಂದ ಎಚ್‌ಬಿಗೆ ಇರುವ ದೂರ, ಅದರ ವಾಲು, ಆಳ ಒಂದೊಂದು ಚಮಚಕ್ಕೂ ಸ್ವಲ್ಪ ಬೇರೆ ಇರಬೇಕು. ಆರೂ ಚಮಚಗಳಲ್ಲಿ ಅದೂ ಒಂದೇ ತರಹ ಇದ್ದು, ಲೆನ್ಸ್‌ನಲ್ಲಿ ಸಣ್ಣ ಸಣ್ಣ ತೂತುಗಳು ಕಂಡರೆ, ಕೈಬಿಡಿ. ಬ್ರಿಟನ್ನಿನಲ್ಲಿ ಖೋಟಾ ಮುದ್ರೆ ದೊಡ್ಡ ಅಪರಾಧ, ಈಗ ಅದಕ್ಕೆ 1973ರ ಹಾಲ್‌ಮಾರ್ಕಿಂಗ್ ಕಾಯ್ದೆ ಇದೆ. ಅನುಮಾನದ ಸಾಮಾನನ್ನು ಪರೀಕ್ಷಿಸಲು ಗೋಲ್ಡ್‌ಸ್ಮಿತ್ಸ್ ಕಂಪನಿಯದೇ ತಜ್ಞರ ಸಮಿತಿ ಇದೆ.

ಇನ್ನೊಂದು ಸಣ್ಣ ವಿಷಯ. ಎಚ್‌ಬಿ ಅಕ್ಷರಗಳು ಬೇರೆ ಬೆಳ್ಳಿ ಕೆಲಸಗಾರರದೂ ಆಗಿರಬಹುದು. ಅಕ್ಷರದ ಬಳುಕು, ಸುತ್ತಲಿನ ಚೌಕಟ್ಟಿನ ಆಕಾರ ಎರಡೂ ನೋಂದಾಯಿತ ಮುದ್ರೆಗೆ ಹೊಂದಬೇಕು.

1790ರ ಪಿ

ಹೆಸ್ಟರ್ 1790ರಲ್ಲಿ ಕೆಲಸದಿಂದ ನಿವೃತ್ತಳಾದಳು. ಆಗ ಆಕೆಗೆ ಎಂಬತ್ತು ದಾಟಿತ್ತು. ಆ ವರ್ಷದ ಡಿಸೆಂಬರ್ 7ರಂದು ಪೀಟರ್ ಮತ್ತು ಜೊನಾಥನ್ ಜಂಟಿ ಮುದ್ರೆ ನೋಂದಾಯಿಸಿದರು. ಮೇಲೆ ಪಿಬಿ, ಕೆಳಗೆ ಐಬಿ. ಆಗಿನ ಮುದ್ರೆಗಳಲ್ಲಿ ಜೆ ಬದಲು ಐ ಬರೆಯುವುದೇ ವಾಡಿಕೆ. ಆದರೆ ಜೊನಾಥನ್ 1791ರ ಏಪ್ರಿಲ್‌ನಲ್ಲಿ ತೀರಿಕೊಂಡ. ಮೇ 2ರಂದು ಪೀಟರ್ ಇನ್ನೊಂದು ಮುದ್ರೆ ನೋಂದಾಯಿಸಿದ. ಈ ಸಲ ಜೊತೆಗಿದ್ದವಳು ಜೊನಾಥನ್‌ನ ಹೆಂಡತಿ ಆ್ಯನ್. ಪಿಬಿ ಕೆಳಗೆ ಎಬಿ. ಮೂವತ್ತು ವರ್ಷ ಹಿಂದೆ ಅತ್ತೆ ನಿಂತ ಜಾಗದಲ್ಲಿ ಈಗ ಸೊಸೆ ನಿಂತಿದ್ದಳು.

ಲೆಕ್ಕ ಹಾಕಿ ನೋಡಿ. ಪಿ ಅಕ್ಷರ 1790ರ ಮೇ 29ರಿಂದ 1791ರ ಮೇ 29ರವರೆಗೆ ನಡೆಯಿತು. ಆ ಒಂದೇ ಅಕ್ಷರದ ಕಾಲದಲ್ಲಿ ಈ ಮನೆಗೆ ಮೂರು ಮುದ್ರೆ. ಹೆಸ್ಟರ್‌ದು ಕೆಲವು ತಿಂಗಳು. ಪೀಟರ್ ಜೊನಾಥನ್‌ರದು ಐದು ತಿಂಗಳೂ ಪೂರ್ತಿ ಇಲ್ಲ. ಪೀಟರ್ ಆ್ಯನ್‌ರದು ಆ ಅಕ್ಷರದಡಿ ಕೊನೆಯ ನಾಲ್ಕು ವಾರ. ಅದೇ ಬನ್‌ಹಿಲ್ ರೋ, ಅದೇ ಕೆಲಸಗಾರರು, ಅದೇ ಮಾದರಿಗಳು. ಮುದ್ರೆ ಮುಚ್ಚಿಟ್ಟು ಮೂರು ಚಮಚಗಳನ್ನು ಮುಂದಿಟ್ಟರೆ ಯಾವುದು ಯಾರದು ಅಂತ ಹೇಳುವುದು ಬಹಳ ಕಷ್ಟ. ಆದರೂ ಹೆಸ್ಟರ್ ಹೆಸರಿಗೆ ಒಂದು ಬೆಲೆ, ಪೀಟರ್ ಆ್ಯನ್‌ಗೆ ಇನ್ನೊಂದು. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೆಚ್ಚಿನ ಬೆಲೆಗೆ ಸಿಗುವುದು ಹೆಸರು. ಕೈಕೆಲಸ ಬೇಕಾದವರು ಪೀಟರ್ ಮತ್ತು ಆ್ಯನ್ ಚಮಚ ಕೊಳ್ಳಲಿ, ಏನೂ ಕಡಿಮೆಯಾಗದು. ಅಪರೂಪ ಬೇಕಾದವರು ಆ ಕೆಲವೇ ತಿಂಗಳ ಪಿಬಿ ಐಬಿಗೆ ಕಾದು ಕೂರಲಿ. ಮಾರುವವರು ಅದನ್ನು ಗುರುತಿಸದೆ ಇರುವುದೂ ಉಂಟು. ಐ ಮತ್ತು ಎ ಅಕ್ಷರಗಳು ಸವೆದಾಗ ಒಂದಕ್ಕೊಂದು ಹೋಲುತ್ತವೆ. ಹಾಗಾಗಿ ಪಿ ಅಕ್ಷರ ಕಂಡಾಗಲೆಲ್ಲ ಕೆಳಗಿನ ಸಾಲನ್ನು ಎರಡು ಸಲ ನೋಡುವುದು ಒಳ್ಳೆಯದು.

ಹೆಸ್ಟರ್ 1794ರಲ್ಲಿ ತೀರಿಕೊಂಡಳು. 1800ರಲ್ಲಿ ಆ್ಯನ್‌ಳ ಮಗ ವಿಲಿಯಂ ಸೇರಿ ಮುದ್ರೆಯಲ್ಲಿ ಮೂರು ಹೆಸರಾಯಿತು. 1805ರಲ್ಲಿ ಆ್ಯನ್ ಬಿಟ್ಟಳು, ಪೀಟರ್ ಮತ್ತು ವಿಲಿಯಂ ಉಳಿದರು. 1815ರಿಂದ ವಿಲಿಯಂ ಒಬ್ಬನೇ. ಹೆಚ್ಚು ದುಡ್ಡಿಲ್ಲದೆ ಸಂಗ್ರಹ ಶುರುಮಾಡುವವರಿಗೆ ನನ್ನ ಸಲಹೆ ಇದು: ಆರು ಚಮಚಗಳ ಎಚ್‌ಬಿ ಸೆಟ್‌ಗೆ ಒಂದೇ ಸಲ ಹಣ ಸುರಿಯಬೇಡಿ. ಈ ಮನೆಯ ಒಂದೊಂದು ಮುದ್ರೆಗೆ ಒಂದೊಂದು ಬಿಡಿ ಚಮಚ ಕೂಡಿಸಿ. ಬಿಡಿ ಚಮಚ ಯಾವಾಗಲೂ ಅಗ್ಗ. ಸಾಲಾಗಿ ಇಟ್ಟರೆ ಒಂದು ಮನೆತನದ ಐವತ್ತು ವರ್ಷ ಕಣ್ಣೆದುರಿಗೆ ಬರುತ್ತದೆ.

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಸುಲಭ. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬೆಳ್ಳಿ ಸಾಮಾನಿಗೇ ಮೀಸಲಾದ ಸಾಲುಗಳಿವೆ, ಒಳಹೋಗಲು ದುಡ್ಡಿಲ್ಲ. ಅಲ್ಲಿ ಗಾಜಿನಾಚೆ ನೋಡಿ ಕಣ್ಣು ಪಳಗಿಸಿಕೊಂಡು, ಆಮೇಲೆ ಚಾನ್ಸರಿ ಲೇನ್‌ನ ನೆಲಮಾಳಿಗೆಯಲ್ಲಿರುವ ಸಿಲ್ವರ್ ವಾಲ್ಟ್ಸ್ ಅಂಗಡಿಗಳಿಗೆ ಹೋಗಿ. ಕೊಳ್ಳಲೇಬೇಕೆಂದಿಲ್ಲ. ಕೇಳಿದರೆ ಕೈಗೆ ಕೊಡುತ್ತಾರೆ. ಲೆನ್ಸ್ ಮರೆಯಬೇಡಿ, ಅಂಚಿಗೆ ಬೆರಳು ತಾಗಿಸಿ ನೋಡಿ, ಮತ್ತು 1760ರ ದಶಕದ ಚಮಚಗಳಲ್ಲಿ ಬೇರೆಯವರ ಮುದ್ರೆಯ ಅಡಿಯಲ್ಲಿ ಏನಾದರೂ ಉಳಿದಿದೆಯೇ ಅಂತ ಹುಡುಕಿ.